ತುಳಸಿ ಡಬ್ಬದ ಮಣ್ಣು

ವಾರಿಜಾ ತುಳಸಿ ಡಬ್ಬದ ಮಣ್ಣನ್ನು ಸೋಸುತ್ತಿದ್ದಳು. ಬುಡದ ಒದ್ದೆ ಮಣ್ಣನ್ನು ಮುಟ್ಟದೆ, ಅಂಚಿನಲ್ಲಿ ಒಣಗಿ ಬಿರುಕು ಬಿಟ್ಟದ್ದನ್ನು ಮಾತ್ರ ಚಮಚದಿಂದ ಕೆರೆದು, ಚಹಾ ಸೋಸುವ ಹಳೆಯ ಬಟ್ಟೆಗೆ ಹಾಕಿ, ಎರಡೂ ಕೈಯಿಂದ ಮೆಲ್ಲಗೆ ಅಲುಗಿಸುತ್ತಿದ್ದಳು. ಕೆಳಗೆ ಹಾಸಿದ ಕಾಗದದ ಮೇಲೆ ಮಣ್ಣು ನಶ್ಯದಷ್ಟು ನುಣ್ಣಗೆ ಬೀಳುತ್ತಿತ್ತು. ಶೀಲಾವತಿ ಮಾಮಿ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದರು. ಒಂದು ಬೇರಿನ ಎಳೆ ಬಿದ್ದಾಗ ಬೆರಳು ತೋರಿಸಿದರು. ವಾರಿಜಾ ಅದನ್ನು ಹೆಕ್ಕಿ ತೆಗೆದಳು. ಎರಡು ಚಮಚದಷ್ಟಾದ ಮೇಲೆ ಅದನ್ನು ಆಸ್ಪತ್ರೆಯವರು ಕೊಟ್ಟಿದ್ದ ಕಂದು ಲಕೋಟೆಗೆ ಸುರಿದದ್ದಾಯಿತು. ಮಾಮಿ ಲಕೋಟೆಯ ಬಾಯಿ ಮಡಚಿ, ಒಳಗೆ ಹೋಗಿ, ಬೆಳಗಿನವರೆಗೆ ಇರಲಿ ಎಂದು ದೇವರ ಹಲಗೆಯ ಮೇಲೆ ಇಟ್ಟರು.

ಲಕೋಟೆಯ ಮೇಲೆ ವಾರಿಜಾಳ ಕೈಬರಹದಲ್ಲೇ ಬರೆದಿತ್ತು: ‘ನೀಲಾವತಿ, ವಯಸ್ಸು ಆರು. ಮನೆಯ ಧೂಳು.’

ಅದು ಐವತ್ತಾರನೆಯ ಇಸವಿ. ಗ್ರಾಂಟ್ ರೋಡಿನ ಆ ಚಾಳಿನ ಮೂರನೆಯ ಮಾಳಿಗೆಯಲ್ಲಿ ಅವರದು ಒಂದೂವರೆ ಕೋಣೆಯ ಬಿಡಾರ. ಮುಂದೆ ಉದ್ದದ ಗ್ಯಾಲರಿ, ಗ್ಯಾಲರಿಯ ಕಟಾಂಜನಕ್ಕೆ ತಂತಿಯಿಂದ ಬಿಗಿದ ಎಣ್ಣೆ ಡಬ್ಬ, ಅದರಲ್ಲಿ ತುಳಸಿ. ಕೆಳಗೆ ಟ್ರಾಮು ಗಂಟೆ ಬಾರಿಸುತ್ತ ಹೋಗುತ್ತಿತ್ತು. ವಾರಿಜಾಳ ಭಾವ ರಮಾನಾಥ ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರು. ಅಕ್ಕ ವಸಂತಿ ಆಗ ಏಳು ತಿಂಗಳ ಬಸುರಿ. ಶೀಲಾವತಿ ಮಾಮಿ ಭಾವನ ತಾಯಿ. ನೀಲಾವತಿ ಅಕ್ಕನ ಮಗಳು, ಎಲ್ಲರಿಗೂ ನೀಲು. ಅವಳಿಗೆ ಮೂರು ವರ್ಷಗಳಿಂದ ದಮ್ಮು.

ನೀಲುವಿನ ದಮ್ಮು ಬೆಳಗಿನ ಹೊತ್ತಿನದು. ಎದ್ದ ಕೂಡಲೇ ಸೀನು. ಏಳು, ಎಂಟು, ಹತ್ತು. ಆಮೇಲೆ ಎದೆಯೊಳಗೆ ಯಾರೋ ಸಣ್ಣ ಪೀಪಿ ಊದಿದ ಹಾಗೆ ಸಿಳ್ಳು. ಹುಡುಗಿ ಎರಡೂ ಅಂಗೈಯನ್ನು ನೆಲಕ್ಕೆ ಊರಿ, ಭುಜ ಎತ್ತಿ, ಬಾಯಿ ತೆರೆದು ಕೂತುಬಿಡುತ್ತಿದ್ದಳು. ಮಾತಾಡಲಿಕ್ಕೆ ಉಸಿರು ಸಾಲದು. ಮಾಮಿ ಬಿಸಿ ತೆಂಗಿನೆಣ್ಣೆಗೆ ಕರ್ಪೂರ ಹಾಕಿ ಬೆನ್ನು ತಿಕ್ಕುತ್ತಿದ್ದರು. ಕೆಳಮನೆಯ ಗುಜರಾತಿ ಅಜ್ಜಿ ಹೇಳಿದ ಹೊಗೆಯನ್ನೂ ಕೊಟ್ಟದ್ದಾಗಿತ್ತು, ಮಾತ್ರೆಗಳೂ ಆಗಿದ್ದವು. ಮಾತ್ರೆ ನುಂಗಿದರೆ ಉಬ್ಬಸ ಇಳಿಯುತ್ತಿತ್ತು, ಆದರೆ ಕೈ ನಡುಗುತ್ತಿತ್ತು. ಹಲಗೆಯ ಮೇಲೆ ಅಕ್ಷರ ಬರೆಯಲಿಕ್ಕೆ ಬರುತ್ತಿರಲಿಲ್ಲ.

ಆ ವರ್ಷ ಮಳೆಗಾಲ ಹಿಡಿಯುವ ಮೊದಲು ಹೋಟೆಲಿನ ಗಿರಾಕಿಯೊಬ್ಬರು ಭಾವನಿಗೆ ಒಂದು ಸುದ್ದಿ ತಂದರು. ಪರೇಲಿನ ಕಡೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮಕ್ಕಳ ಉಬ್ಬಸದ ಮೇಲೆ ಸಂಶೋಧನೆ ನಡೆಯುತ್ತಿದೆ, ಮಾಡುತ್ತಿರುವವರು ಮೈಸೂರಿನವರು, ಕನ್ನಡದಲ್ಲೇ ಮಾತಾಡಬಹುದು ಎಂದು. ಭಾವನಿಗೆ ಕೌಂಟರ್ ಬಿಟ್ಟು ಏಳಲಾಗದು, ಅಕ್ಕನಿಗೆ ಮಾಳಿಗೆ ಇಳಿಯಲಾಗದು, ಮಾಮಿಗೆ ಟ್ರಾಮೆಂದರೆ ತಲೆ ತಿರುಗು. ಹಾಗಾಗಿ ನೀಲುವನ್ನು ಕರೆದುಕೊಂಡು ಹೋಗುವ ಕೆಲಸ ವಾರಿಜಾಳ ಪಾಲಿಗೆ ಬಂತು.

ಡಾಕ್ಟರ್ ತಿರುಮಲೇಶ ಎಳೆಯ ವಯಸ್ಸಿನವರು. ಕನ್ನಡಕ, ಬಿಳಿ ಕೋಟಿನ ಜೇಬಿನಲ್ಲಿ ಮೂರು ಪೆನ್ನು. ಮೊದಲ ದಿನ ನೀಲುವಿನ ಎದೆಗೆ ಕೊಳವೆ ಇಟ್ಟು ಕೇಳಿ, ವಾರಿಜಾಳ ಕಡೆ ತಿರುಗಿ ಹೇಳಿದರು:

“ನೋಡಮ್ಮ, ಒಬ್ಬೊಬ್ಬರ ಮೈಗೆ ಒಂದೊಂದು ವಸ್ತು ಆಗಲ್ಲ. ಒಬ್ಬರಿಗೆ ಮೊಟ್ಟೆ, ಒಬ್ಬರಿಗೆ ಹೂವಿನ ಪುಡಿ, ಒಬ್ಬರಿಗೆ ಬೆಕ್ಕಿನ ಕೂದಲು. ಯಾವುದು ಅಂತ ತಾಯಿಗೂ ಗೊತ್ತಾಗಲ್ಲ, ಮಗುಗೂ ಗೊತ್ತಾಗಲ್ಲ. ಚರ್ಮಾನೇ ಕೇಳ್ಬೇಕು. ನಿಮಗೆ ಓದು ಬರಹ ಬರುತ್ತಾ?”

“ಏಳನೆಯದು... ಅರ್ಧ,” ಎಂದಳು ವಾರಿಜಾ, ನೆಲ ನೋಡುತ್ತ.

“ಅರ್ಧ ಸಾಕು.” ಅವರು ಗೆರೆ ಹಾಕಿದ ಒಂದು ಪುಸ್ತಕ ಕೊಟ್ಟರು. ದಿನಾ ಬೆಳಿಗ್ಗೆ ನೀಲು ಎಷ್ಟು ಸೀನಿದಳು, ಸಿಳ್ಳು ಇತ್ತೇ, ಹಿಂದಿನ ದಿನ ಏನು ತಿಂದಳು, ಮಳೆಯೋ ಬಿಸಿಲೋ, ಇಷ್ಟನ್ನು ಬರೆಯಬೇಕು. ಸಿಳ್ಳು ಇದ್ದ ದಿನ ಗುಣಾಕಾರದ ಗುರುತು, ಇಲ್ಲದ ದಿನ ಸೊನ್ನೆ.

ಹನ್ನೆರಡನೆಯ ವಯಸ್ಸಿನಲ್ಲಿ ಬಿಟ್ಟ ಶಾಲೆ ಮತ್ತೆ ಮನೆಗೆ ಬಂದ ಹಾಗಾಯಿತು ಅವಳಿಗೆ. ದಿನಾ ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಗ್ಯಾಲರಿಯಲ್ಲಿ ಕೂತು, ಪೆನ್ಸಿಲಿನ ತುದಿಯನ್ನು ನಾಲಗೆಗೆ ತಾಗಿಸಿ, ನಲ್ಲಿಯ ನೀರಿಗೆ ಸಾಲು ನಿಂತವರು ಇಣುಕಿ ನೋಡದ ಹಾಗೆ ಮೊಣಕಾಲಿನ ಮೇಲೆ ಪುಸ್ತಕ ಇಟ್ಟು ಬರೆಯುತ್ತಿದ್ದಳು. ಪಕ್ಕದ ಮನೆಯವರು “ಕಾಯ್ ಲಿಹಿತೇಸ್ ಗ?”, ಏನು ಬರೀತಿದ್ದೀ ಎಂದು ಮರಾಠಿಯಲ್ಲಿ ಕೇಳಿದರೆ ಪುಸ್ತಕ ಮುಚ್ಚಿ ನಗುತ್ತಿದ್ದಳು, ಅಷ್ಟೆ. ಎರಡನೆಯ ಸಲ ಹೋದಾಗ ಡಾಕ್ಟರು ಪುಟ ತಿರುವಿ, “ಎಷ್ಟು ಗುಂಡಗೆ ಬರೀತೀರಮ್ಮ” ಎಂದರು. ಆ ಮಾತನ್ನು ಅವಳು ಟ್ರಾಮಿನಲ್ಲಿ ಮನೆಯವರೆಗೂ ಮನಸ್ಸಿನಲ್ಲಿ ಹೇಳಿಕೊಂಡು ಬಂದಳು.

ಮೂರನೆಯ ಸಲ ಅವರು ಕಂದು ಲಕೋಟೆ ಕೊಟ್ಟರು.

“ನಿಮ್ಮ ಮನೆ ಧೂಳು ಬೇಕು. ಅದರಿಂದ ಇಲ್ಲಿ ಕಷಾಯದ ಹಾಗೆ ಒಂದು ರಸ ತೆಗೀತೀವಿ, ಅದನ್ನ ಮಗು ಕೈ ಮೇಲೆ ಇಟ್ಟು ನೋಡ್ತೀವಿ. ಮಗು ಮಲಗೋ ಜಾಗದ ಧೂಳೇ ಆಗ್ಬೇಕು. ಒಂದು ವಾರ ಅಲ್ಲಿ ಗುಡಿಸಬೇಡಿ.”

ವಾರಿಜಾ ಈ ಮಾತನ್ನು ಒಂದಕ್ಷರ ಬಿಡದೆ ಮನೆಯಲ್ಲಿ ಒಪ್ಪಿಸಿದಳು. ಮಾಮಿ ತೆಂಗಿನಕಾಯಿ ತುರಿಯುತ್ತಿದ್ದವರು ನಿಲ್ಲಿಸಿದರು.

“ಧೂಳಾ? ಧೂಳು ಕೊಡಿ ಅಂತ ಕೇಳುವ ಡಾಕ್ಟರನ್ನು ನಾನು ಇವತ್ತೇ ಕೇಳಿದ್ದು. ನಮ್ಮ ಮನೆಯಲ್ಲಿ ಧೂಳು ಎಲ್ಲಿ ಉಂಟು ಮಾರಾಯ್ತಿ? ದಿನಕ್ಕೆ ಮೂರು ಸಲ ಹಿಡಿಸೂಡಿ ಹಿಡೀತೇವೆ.”

“ಮಗು ಮಲಗುವ ಜಾಗದ್ದು ಅಂದಿದ್ದಾರೆ ಮಾಮಿ.”

“ಮಗು ಮಲಗುವುದು ನನ್ನ ಹತ್ತಿರ, ನನ್ನ ಹಾಸಿಗೆಯಲ್ಲಿ. ನನ್ನ ಹಾಸಿಗೆಯಲ್ಲಿ ಧೂಳುಂಟು ಅಂತ ಲಕೋಟೆಯಲ್ಲಿ ಹಾಕಿ, ಹೆಸರು ಬರೆದು, ಹತ್ತು ಜನರ ಮುಂದೆ ಇಡ್ಲಿಕ್ಕಾ? ಉಡುಪಿ ಕಡೆಯವರು ಗುಡಿಸ್ಲಿಕ್ಕೆ ಗೊತ್ತಿಲ್ಲದವರು ಅಂತ ಆಗಬೇಕಾ?”

ಅಕ್ಕ ಗೋಡೆಗೆ ಒರಗಿ ಕೂತಲ್ಲೇ ನಕ್ಕಳು. “ಅತ್ತೆ, ಅವರು ಕೇಳಿದ್ದು ಪರೀಕ್ಷೆಗೆ, ಮದುವೆ ಸಂಬಂಧಕ್ಕಲ್ಲ.”

“ನಿನಗೆ ನಗು,” ಎಂದರು ಮಾಮಿ.

ಆ ವಾರ ಮನೆ ಎಂದಿಗಿಂತ ಹೆಚ್ಚು ಗುಡಿಸಲ್ಪಟ್ಟಿತು. ಮೂಲೆ ಮೂಲೆಗೂ ಒದ್ದೆ ಬಟ್ಟೆ. ಹಾಸಿಗೆಯ ಮೇಲುಹೊದಿಕೆ ಎರಡು ಸಲ ಒಗೆದದ್ದಾಯಿತು. ವಾರದ ಕೊನೆಗೆ ಲಕೋಟೆ ಖಾಲಿ ಇತ್ತು; ಕೊಡಲೇಬೇಕಿತ್ತು. ಆಗ ಮಾಮಿಗೆ ತುಳಸಿ ನೆನಪಾಯಿತು. ಅದೂ ಮನೆಯದೇ, ಮಣ್ಣೂ ಒಣಗಿದರೆ ಧೂಳೇ, ಮತ್ತೆ ಅದಕ್ಕಿಂತ ಶುದ್ಧವಾದದ್ದು ಯಾವುದು? ಮಾಮಿ ಸುಳ್ಳು ಹೇಳಿದವರಲ್ಲ. ಮನೆಯಲ್ಲಿದ್ದ ಅತ್ಯುತ್ತಮ ಧೂಳನ್ನು ಕೊಟ್ಟರು, ಬಂದವರಿಗೆ ಒಳ್ಳೆಯ ಲೋಟದಲ್ಲಿ ನೀರು ಕೊಡುವ ಹಾಗೆ.

ಹದಿನೈದು ದಿನ ಬಿಟ್ಟು ಚರ್ಮದ ಪರೀಕ್ಷೆ. ನರ್ಸು ನೀಲುವಿನ ಮುಂಗೈಯ ಒಳಭಾಗದಲ್ಲಿ ಶಾಯಿಯಿಂದ ಹನ್ನೆರಡು ಚುಕ್ಕೆ ಇಟ್ಟಳು. ಪ್ರತಿ ಚುಕ್ಕೆಯ ಪಕ್ಕ ಸೂಜಿಯಿಂದ ಒಂದು ಸಣ್ಣ ಗೀರು, ಗೀರಿನ ಮೇಲೆ ಒಂದೊಂದು ಹನಿ. ಹಾಲು, ಗೋಧಿ, ಮೀನು, ಕಡಲೆ, ಹುಲ್ಲಿನ ಹೂವು. ಹನ್ನೆರಡನೆಯದು ಮನೆಯ ಧೂಳು. ಇಪ್ಪತ್ತು ನಿಮಿಷ ಕಾಯಬೇಕು. ನೀಲು ಕೈ ಅಲುಗಿಸದೆ, ಗಡಿಯಾರದ ದೊಡ್ಡ ಮುಳ್ಳನ್ನೇ ನೋಡುತ್ತ ಕೂತಳು.

“ಚಿಕ್ಕಿ, ಯಾವುದು ಉಬ್ಬಿದರೆ ಒಳ್ಳೆಯದು?”

“ಯಾವುದಾದರೂ ಒಂದು ಉಬ್ಬಲಿ,” ಎಂದಳು ವಾರಿಜಾ.

ಒಂದೂ ಉಬ್ಬಲಿಲ್ಲ. ಡಾಕ್ಟರು ಸಣ್ಣ ಗಾಜಿನ ಪಟ್ಟಿ ಹಿಡಿದು ಒಂದೊಂದನ್ನೇ ಅಳೆದರು. ಹನ್ನೆರಡನೆಯದರ ಹತ್ತಿರ ಬಂದಾಗ ಹೆಚ್ಚು ಹೊತ್ತು ನಿಂತರು. “ಸೊಳ್ಳೆ ಕಚ್ಚಿದಷ್ಟೂ ಇಲ್ಲ. ವಿಚಿತ್ರ. ಕಥೆ ಕೇಳಿದ್ರೆ ಧೂಳಿನದೇ ಅನ್ನಿಸ್ತಿತ್ತು.” ಆಮೇಲೆ ವಾರಿಜಾಳ ಪುಸ್ತಕ ತೆಗೆದರು. ಶ್ರಾವಣದ ಒಂದು ಪುಟದಲ್ಲಿ ಬೆರಳಿಟ್ಟರು. ಅಲ್ಲಿ ಎಂಟು ದಿನ ಸಾಲಾಗಿ ಸೊನ್ನೆ. “ಈ ಎಂಟು ದಿನ ಏನಾಗಿತ್ತು?”

ವಾರಿಜಾ ನೆನಪಿಸಿಕೊಂಡಳು. “ಮಳೆ ಬಿಟ್ಟಿತ್ತು. ಬಿಸಿಲಿತ್ತು.”

“ಹಾಗಾದ್ರೆ ಹವೆಯೇ ಇರ್ಬೇಕು.”

ತುಳಸಿಯ ಮಾತು ಅವಳ ಗಂಟಲಿನವರೆಗೆ ಬಂದಿತ್ತು. ಬಾಗಿಲಲ್ಲಿ ಇಬ್ಬರು ವಿದ್ಯಾರ್ಥಿಗಳು ನಿಂತಿದ್ದರು, ನರ್ಸು ಬರೆದುಕೊಳ್ಳುತ್ತಿದ್ದಳು. ಮಾಮಿಯ ಮಾನ ಅಷ್ಟು ಜನರ ಮುಂದೆ. ಅವಳು ಬಾಯಿ ತೆರೆಯಲಿಲ್ಲ. ಡಾಕ್ಟರು ಪುಸ್ತಕವನ್ನೂ ನೀಲುವನ್ನೂ ಹಿರಿಯ ಡಾಕ್ಟರ ಕೋಣೆಗೆ ಕರೆದುಕೊಂಡು ಹೋದರು. ಹಿಂದೆ ಬಂದಾಗ ಅವರ ಮುಖ ಚಿಕ್ಕದಾಗಿತ್ತು.

“ದೇವಳಾಲಿ ಅಂತ ಘಟ್ಟದ ಮೇಲೊಂದು ಊರು, ಒಣ ಹವೆ. ಇಂಥ ಮಕ್ಕಳಿಗೆ ಅಂತ ಅಲ್ಲೊಂದು ಆರೋಗ್ಯಧಾಮ ಇದೆ, ಶಾಲೆನೂ ಇದೆ. ಎರಡು ವರ್ಷ ಇದ್ರೆ ಸರಿಹೋಗಬಹುದು ಅಂತಾರೆ ನಮ್ಮ ದೊಡ್ಡವರು. ದಸರಾ ಕಳೆದ ಮೇಲೆ ಒಂದು ಜಾಗ ಖಾಲಿ ಆಗುತ್ತೆ. ತಂದೆತಾಯಿ ತಿಂಗಳಿಗೊಂದು ಸಲ ನೋಡಬಹುದು. ಮನೆಯವರು ಯಾರೂ ಜೊತೇಲಿ ಇರೋ ಹಾಗಿಲ್ಲ.”

ಟ್ರಾಮಿನಲ್ಲಿ ನೀಲು ಕಿಟಕಿಯ ಪಕ್ಕ ಕೂತು, ಕೈ ಮೇಲಿನ ಹನ್ನೆರಡು ಚುಕ್ಕೆಗಳನ್ನು ಎಣಿಸುತ್ತ, ಅಳಿಸಬಾರದೆಂದು ಕೈಯನ್ನು ಗಾಳಿಯಲ್ಲಿ ಎತ್ತಿ ಹಿಡಿದಿದ್ದಳು.

ಮನೆಯಲ್ಲಿ ಆ ದಿನ ಯಾರೂ ಸರಿಯಾಗಿ ಉಣ್ಣಲಿಲ್ಲ. ಭಾವ ಅರ್ಧಕ್ಕೇ ಎದ್ದು ಕೈ ತೊಳೆದರು. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ, “ಎರಡು ವರ್ಷದಲ್ಲಿ ನನ್ನ ಮುಖವೇ ಮರೆತುಬಿಡ್ತಾಳೆ,” ಎಂದಳು. ನೀಲು ಎಲ್ಲರ ಮುಖ ನೋಡಿ, ಕೊನೆಗೆ ಅಜ್ಜಿಯನ್ನು ಕೇಳಿದಳು.

“ಅಜ್ಜಿ, ಅಲ್ಲಿ ನಿನ್ನ ಹಾಸಿಗೆ ಉಂಟಾ?”

ಮಾಮಿ ಅವಳನ್ನು ಹತ್ತಿರ ಎಳೆದುಕೊಂಡರು. “ಇದನ್ನೇ ಕಟ್ಟಿ ಕೊಡ್ತೇನೆ ಮಗಾ. ನನಗೆ ಚಾಪೆ ಸಾಕು. ಊರ ಹಾಸಿಗೆಯಲ್ಲಿ ಮಲಗಿದರೆ ನಿನಗೆ ಒಬ್ಬಳೇ ಅಂತ ಅನ್ನಿಸ್ಲಿಕ್ಕಿಲ್ಲ.”

ಆ ಹಾಸಿಗೆಯ ಕಥೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಕಾರ್ಕಳದ ಹತ್ತಿರ ಮಾಮಿಯ ಮನೆಯ ಬಾವಿಕಟ್ಟೆಯ ಪಕ್ಕ ಒಂದು ಬೂರುಗದ ಮರವಿತ್ತು. ಬೇಸಗೆಯಲ್ಲಿ ಕಾಯಿ ಒಡೆದರೆ ಹತ್ತಿ ಗಾಳಿಗೆ ಹಾರುತ್ತಿತ್ತು. ಬಾವಿಯ ನೀರಿನ ಮೇಲೆ, ಒಣಹಾಕಿದ ಹಪ್ಪಳದ ಮೇಲೆ, ಮಕ್ಕಳ ತಲೆಯ ಮೇಲೆ. ಮಾಮ ತೀರಿಕೊಂಡ ವರ್ಷ ಮನೆಯನ್ನು ಭೂಮಿಯ ಒಡೆಯರಿಗೆ ಬಿಟ್ಟುಕೊಡಬೇಕಾಯಿತು. ಅವರು ಮೊದಲು ಮಾಡಿದ ಕೆಲಸ ಮರ ಕಡಿಸಿದ್ದು. ಆ ಬೇಸಗೆಯ ಕೊನೆಯ ಕಾಯಿಗಳನ್ನು ಮಾಮಿ ತಾವೇ ಬಿಡಿಸಿ, ಬೀಜ ತೆಗೆದು, ನೀಲಿ ಪಟ್ಟೆಯ ದಪ್ಪ ಬಟ್ಟೆಯಲ್ಲಿ ತುಂಬಿ ಹೊಲಿದರು.

ಅದೇ ವರ್ಷ ದೀಪಾವಳಿ ಕಳೆದು, ಹನ್ನೆರಡು ವರ್ಷದ ವಾರಿಜಾ ಮಾಮಿಯ ಜೊತೆ ಮಂಗಳೂರಿನ ಬಂದರಿನಲ್ಲಿ ಹಡಗು ಹತ್ತಿದಳು. ಅಕ್ಕನ ಮೊದಲ ಬಾಣಂತನಕ್ಕೆ ಒಂದು ಕೈ ಬೇಕಿತ್ತು. ‘ಮಗು ಕೂತುಕೊಳ್ಳುವವರೆಗೆ’ ಎಂದು ಅಮ್ಮ ಹೇಳಿ ಕಳಿಸಿದ್ದಳು. ಶಾಲೆಯ ಚೀಲವನ್ನು ಮೊಳೆಗೆ ತೂಗುಹಾಕಿಯೇ ಅವಳು ಹೊರಟಿದ್ದಳು. ಹಡಗಿನ ಮೇಲಟ್ಟದಲ್ಲಿ ಜನ, ಮೂಟೆ, ಕೋಳಿಬುಟ್ಟಿ. ವಾಂತಿ ಮಾಡಿ ಮಾಡಿ ಅವಳು ಸುಸ್ತಾಗಿದ್ದಾಗ ಮಾಮಿ ಹಾಸಿಗೆ ಬಿಚ್ಚಿ, ಅವಳನ್ನು ಗೋಡೆಯ ಕಡೆಗೆ ಮಲಗಿಸಿ, ತಾವು ಅಂಚಿನಲ್ಲಿ ಮಲಗಿದರು. “ಅಳಬೇಡ, ನಾವಿಬ್ಬರೂ ಹೊಸಬರೇ ಅಲ್ಲವಾ,” ಎಂದಿದ್ದರು. ಹಾಸಿಗೆಯ ಒಳಗಿಂದ ಒಣಗಿದ ಕಾಯಿಯ, ಬಿಸಿಲಿನ, ಬಾವಿಕಟ್ಟೆಯ ವಾಸನೆ ಬರುತ್ತಿತ್ತು. ಆರು ವರ್ಷ ಕಳೆದ ಮೇಲೂ, ಮಧ್ಯಾಹ್ನ ಯಾರೂ ಇಲ್ಲದಾಗ ವಾರಿಜಾ ಅದರ ಮೂಲೆಗೆ ಮೂಗು ತಾಗಿಸಿದರೆ ಆ ವಾಸನೆ ಸಣ್ಣದಾಗಿ ಸಿಗುತ್ತಿತ್ತು. ನೀಲು ಹುಟ್ಟಿದ ಹನ್ನೊಂದನೆಯ ದಿನ ಅವಳನ್ನು ತಂದು ಮಲಗಿಸಿದ್ದೂ ಅದರ ಮೇಲೆಯೇ.

‘ಇದನ್ನೇ ಕಟ್ಟಿ ಕೊಡ್ತೇನೆ’ ಎಂದು ಮಾಮಿ ಹೇಳಿದ ಮರುದಿನ ಬೆಳಿಗ್ಗೆ ವಾರಿಜಾ ಪುಸ್ತಕ ತೆರೆದು ಕೂತಳು. ಗುಣಾಕಾರದ ಗುರುತು ಹಾಕಿದಳು. ಸುಮ್ಮನೆ ಹಿಂದಿನ ಪುಟಗಳನ್ನು ತಿರುವಿದಳು. ಶ್ರಾವಣದ ಎಂಟು ಸೊನ್ನೆಗಳು ಬಂದವು. ಮಳೆ ಬಿಟ್ಟಿತ್ತು, ನಿಜ. ಆದರೆ ಐದನೆಯ ಸೊನ್ನೆಯ ಎದುರು ಅವಳೇ ‘ಮಳೆ’ ಎಂದು ಬರೆದಿದ್ದಳು. ಆರನೆಯದರ ಎದುರೂ ‘ಜೋರು ಮಳೆ’.

ಅವಳು ಪೆನ್ಸಿಲು ಕೆಳಗಿಟ್ಟಳು. ಶ್ರಾವಣದ ಆ ಎಂಟು ದಿನ ಮಾಮಿ ಮನೆಯಲ್ಲಿರಲಿಲ್ಲ. ಘಾಟ್ಕೋಪರಿನಲ್ಲಿ ತಂಗಿಯ ಮಗಳ ಮನೆಯ ತೊಟ್ಟಿಲು ಶಾಸ್ತ್ರಕ್ಕೆ ಹೋಗಿ ಉಳಿದಿದ್ದರು. ಹೋಗುವಾಗ ಹಾಸಿಗೆಯನ್ನು ಸುತ್ತಿ, ಹಳೆಯ ಸೀರೆಯಲ್ಲಿ ಬಿಗಿದು, ಅಟ್ಟದ ಹಲಗೆಗೆ ಏರಿಸಿದ್ದರು. ನೀಲು ಚಾಪೆಯಲ್ಲಿ ವಾರಿಜಾಳ ಪಕ್ಕ ಮಲಗಿದ್ದಳು. ಎಂಟನೆಯ ದಿನ ಸಂಜೆ ಮಾಮಿ ಬಂದರು, ಹಾಸಿಗೆ ಇಳಿಯಿತು. ಒಂಬತ್ತನೆಯ ದಿನ ಗುಣಾಕಾರ.

ಡಾಕ್ಟರು ಕೊಟ್ಟ ಪುಸ್ತಕದಲ್ಲಿ ಊಟಕ್ಕೆ ಜಾಗವಿತ್ತು, ಮಳೆಗೆ ಜಾಗವಿತ್ತು. ಹಾಸಿಗೆಗೆ ಜಾಗವಿರಲಿಲ್ಲ.

ಇದನ್ನು ಹೇಳದೆ ಬಿಟ್ಟರೆ ನೀಲು ದೇವಳಾಲಿಗೆ ಹೋಗುತ್ತಾಳೆ, ಹಾಸಿಗೆಯನ್ನೂ ಜೊತೆಯಲ್ಲಿ ಹೊತ್ತುಕೊಂಡು. ಎರಡು ವರ್ಷ, ನಾಲ್ಕು ವರ್ಷ, ಯಾರಿಗೆ ಗೊತ್ತು? ವಾರಿಜಾ ಹೀಗೆ ಯೋಚಿಸಿದಾಗ ಅವಳಿಗೆ ಮೊಳೆಗೆ ತೂಗಿದ ತನ್ನ ಚೀಲ ನೆನಪಾಯಿತು. ಮಗು ಕೂತುಕೊಂಡಿತು, ನಡೆಯಿತು, ಅಕ್ಷರ ಕಲಿಯಿತು. ಅವಳನ್ನು ಯಾರೂ ಹಿಂದೆ ಕರೆಸಿಕೊಂಡಿರಲಿಲ್ಲ.

ಶನಿವಾರ ಮಧ್ಯಾಹ್ನ ಮಾಮಿ ಕೆಳಮಾಳಿಗೆಯ ಭಜನೆಗೆ ಹೋದರು. ನೀಲು ಶಾಲೆಯಲ್ಲಿದ್ದಳು. ವಾರಿಜಾ ಬಾಗಿಲು ಹಾಕಿ, ಹಾಸಿಗೆಯನ್ನು ಗೋಡೆಗೆ ಒರಗಿಸಿ, ಕೆಳಗೆ ಕಾಗದ ಹಾಸಿ, ಅಂಗೈಯಿಂದ ಬಡಿದಳು. ಕಿಟಕಿಯಿಂದ ಬಂದ ಬಿಸಿಲಿನ ಕೋಲಿನಲ್ಲಿ ಧೂಳು ಎದ್ದು ಸುತ್ತಿತು. ಹತ್ತು ಏಟಿಗೆ ಕಾಗದದ ಮೇಲೆ ಬೂದಿಯಂಥದು ಒಂದು ಚಮಚ ಆಯಿತು. ಅವಳಿಗೇ ಎರಡು ಸೀನು ಬಂದವು.

“ಏನೇ ಅದು?” ಒಳಕೋಣೆಯಿಂದ ಅಕ್ಕ ಕೇಳಿದಳು.

“ಹಾಸಿಗೆ ಕೊಡವ್ತಾ ಇದ್ದೇನೆ.”

ಅದು ಸುಳ್ಳಲ್ಲ.

ಸೋಮವಾರ ಅವಳು ಮೊದಲ ಸಲ ಒಬ್ಬಳೇ ಟ್ರಾಮು ಹತ್ತಿದಳು. ಆಸ್ಪತ್ರೆಯ ಬೆಂಚಿನಲ್ಲಿ ಎರಡು ಗಂಟೆ ಕೂತಳು. ಡಾಕ್ಟರ ಕೋಣೆಯಿಂದ ವಿದ್ಯಾರ್ಥಿಗಳೆಲ್ಲ ಹೋಗುವವರೆಗೆ ಬೇರೆಯವರನ್ನು ಮುಂದೆ ಬಿಡುತ್ತ ಬಂದಳು. ಒಳಗೆ ಹೋಗಿ ಕಾಗದದ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು.

“ಇದು ಮನೆಯ ಧೂಳು,” ಎಂದಳು.

“ಮನೆ ಧೂಳು ಕೊಟ್ಟಿದ್ರಲ್ಲಮ್ಮ?”

“ಅದು ತುಳಸಿ ಮಣ್ಣು.”

ಡಾಕ್ಟರು ಕನ್ನಡಕ ತೆಗೆದರು. ವಾರಿಜಾ ಒಂದೇ ಉಸಿರಿಗೆ ಎಲ್ಲ ಹೇಳಿದಳು: ಹಿಡಿಸೂಡಿ, ಲಕೋಟೆ, ಸೋಸಿದ್ದು, ಎಂಟು ಸೊನ್ನೆ, ಘಾಟ್ಕೋಪರ್, ಅಟ್ಟದ ಹಲಗೆ. ಹೇಳುವಾಗ ಮೇಜಿನ ಮೇಲಿನ ಮಸಿಯ ಕಲೆಯನ್ನೇ ನೋಡುತ್ತಿದ್ದಳು. ಅವರು ನಗುತ್ತಾರೆ ಎಂದುಕೊಂಡಿದ್ದಳು.

“ಸೋಸಿ ಬೇರೆ ಕೊಟ್ರಾ,” ಎಂದರು ಅವರು ಮೆಲ್ಲಗೆ. “ನಮ್ಮಮ್ಮನೂ ಇದನ್ನೇ ಮಾಡ್ತಿದ್ರು. ಡಾಕ್ಟ್ರ ಹತ್ರ ಹೋಗೋವಾಗ ನನ್ನ ನಾಲಗೆ ಉಜ್ಜಿ ಕಳಿಸೋರು, ನಾಲಗೆ ನೋಡ್ತಾರೆ ಅಂತ.” ಆಮೇಲೆ ಎದ್ದು ಬೀರುವಿನಿಂದ ಒಂದು ಕಟ್ಟು ಕಾಗದ ತೆಗೆದು, ಎಣಿಸುವ ಹಾಗೆ ತಿರುವಿದರು. “ನಲವತ್ತು ಮಕ್ಕಳು. ಹದಿನಾಲ್ಕು ಮಕ್ಕಳಿಗೆ ಮನೆ ಧೂಳಿನಿಂದ ಏನೂ ಇಲ್ಲ ಅಂತ ಬರೆದಿದ್ದೀನಿ. ಯಾರ್ಯಾರು ಏನೇನು ಸೋಸಿ ಕೊಟ್ಟಿದ್ದಾರೋ.” ಅವರು ಕಟ್ಟನ್ನು ಮೇಜಿನ ಮೇಲಿಟ್ಟರು. “ಮತ್ತೆ ಹದಿನಾಲ್ಕು ಮನೆಗೆ ನಾನೇ ಹೋಗ್ಬೇಕು. ಹೇಳದೆ ಹೋಗ್ಬೇಕು. ಆವತ್ತೇ ಯಾಕಮ್ಮ ಹೇಳಲಿಲ್ಲ?”

“ಜನ ಇದ್ದರು,” ಎಂದಳು ವಾರಿಜಾ.

ಅವರು ತಲೆಯಾಡಿಸಿದರು.

ನವರಾತ್ರಿಯ ಆರನೆಯ ದಿನ ಎರಡನೆಯ ಪರೀಕ್ಷೆ. ಈ ಸಲ ಎರಡೇ ಚುಕ್ಕೆ; ಒಂದಕ್ಕೆ ಹಾಸಿಗೆಯ ಧೂಳಿನ ರಸ, ಇನ್ನೊಂದಕ್ಕೆ ಬರೀ ನೀರು. ಐದು ನಿಮಿಷಕ್ಕೇ ನೀಲು, “ಚಿಕ್ಕಿ, ಖಾಜ್ ಬರ್ತದೆ,” ಎಂದು ತುರಿಸಿಕೊಳ್ಳಲು ಹೋದಳು. ಹತ್ತು ನಿಮಿಷಕ್ಕೆ ಗೀರಿನ ಸುತ್ತ ಬಿಳಿ ಗುಳ್ಳೆ. ಇಪ್ಪತ್ತಕ್ಕೆ ಅದು ನಾಲ್ಕಾಣೆಯಷ್ಟು ಅಗಲ, ಸುತ್ತಲೂ ಕೆಂಪು. ಪಕ್ಕದ ಚುಕ್ಕೆ ಇದ್ದ ಹಾಗೇ ಇತ್ತು.

“ಅದರೊಳಗೆ ಏನುಂಟು?” ವಾರಿಜಾ ಕೇಳಿದಳು. ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು.

“ಅದೇ ಗೊತ್ತಿಲ್ಲ. ಹಳೇ ಹತ್ತಿ, ಹಳೇ ಧೂಳು, ಅದರಲ್ಲಿ ಏನೋ ಒಂದಿದೆ. ಹೊರದೇಶದಲ್ಲೂ ಹುಡುಕ್ತಾ ಇದ್ದಾರೆ. ಹೆಸರು ಗೊತ್ತಿಲ್ಲದೇ ಇದ್ರೂ ಕಳ್ಳನ್ನ ಹೊರಗೆ ಹಾಕಬಹುದು.” ಅವರು ಕಾಗದದ ಮೇಲೆ ಬರೆಯುತ್ತ ಹೇಳಿದರು. “ಹಾಸಿಗೆ ಮನೆಯಿಂದ ಹೊರಗೆ ಹೋಗ್ಬೇಕು. ಅಟ್ಟದ ಮೇಲೂ ಬೇಡ. ವಾರಕ್ಕೊಂದು ಚುಚ್ಚುಮದ್ದು ಶುರು ಮಾಡ್ತೀನಿ. ಹಾಸಿಗೆ ಹೋದ್ರೆ ದೇವಳಾಲಿ ಸದ್ಯಕ್ಕೆ ಬೇಡ ಅಂತ ದೊಡ್ಡವರ ಹತ್ರ ನಾನು ಹೇಳ್ತೀನಿ. ದಸರಾ ಮಾರನೇ ದಿನ ಅವರು ಹೆಸರು ಕಳಿಸ್ತಾರೆ. ಹಾಸಿಗೆ ಅಷ್ಟರೊಳಗೆ ಹೋಗಿರ್ಬೇಕು. ಇಲ್ಲದಿದ್ರೆ ನನ್ನ ಮಾತು ನಡೆಯಲ್ಲ.”

ಮನೆಯಲ್ಲಿ ಈ ಸುದ್ದಿ ಹೇಳಿದಾಗ ಮಾಮಿ ಹೂ ಕಟ್ಟುತ್ತಿದ್ದರು. ಕಟ್ಟುವುದನ್ನು ನಿಲ್ಲಿಸಲಿಲ್ಲ.

“ನೀನು ಹೇಳಿದ್ದಾ?”

“ಹೌದು ಮಾಮಿ.”

“ತುಳಸಿ ಮಣ್ಣಿನದ್ದೂ?”

“ಹೌದು.”

“ಏಳನೆಯ ಕ್ಲಾಸಿನ ಡಾಕ್ಟರಮ್ಮ,” ಎಂದರು ಮಾಮಿ. ಒಂದು ಮೊಳ ಹೂ ಕಟ್ಟಿಯಾದ ಮೇಲೆ ಕೇಳಿದರು: “ಅವರು ನಕ್ಕರಾ?”

“ಇಲ್ಲ. ಅವರ ಅಮ್ಮನೂ ಹಾಗೇ ಮಾಡ್ತಿದ್ದರಂತೆ.”

ಮಾಮಿ ಹೂವಿನ ನೂಲು ಕಡಿದು ಗಂಟು ಹಾಕಿದರು. ಆ ದಿನದಿಂದ ನೀಲುವನ್ನು ಅವರೇ ಚಾಪೆಗೆ ಕಳಿಸಿದರು. ಹಾಸಿಗೆಯ ಮೇಲೆ ತಾವೊಬ್ಬರೇ ಮಲಗಿದರು, ಅಂಚಿನಲ್ಲಿ, ಗೋಡೆಯ ಕಡೆ ಜಾಗ ಬಿಟ್ಟು. ಬೆಳಿಗ್ಗೆ ನೀಲು ನಾಲ್ಕೇ ಸಲ ಸೀನಿದಳು. ಸಿಳ್ಳು ಸಣ್ಣದಾಗಿತ್ತು, ಹೋಗಿರಲಿಲ್ಲ. ಒಂದೇ ಕೋಣೆಯಲ್ಲವೆ? ಭಾವ ಎರಡು ಸಲ ಬಾಯಿ ತೆರೆದು, ತಾಯಿಯ ಮುಖ ನೋಡಿ, ಹೋಟೆಲಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿದರು. ಅಷ್ಟಮಿ, ನವಮಿ ಕಳೆದವು. ದಸರಾದ ದಿನ ಮಾಮಿ ಪಾಯಸ ಮಾಡಿದರು, ಎಲ್ಲರಿಗೂ ಬಡಿಸಿದರು, ವಾರಿಜಾಳಿಗೆ ಎರಡು ಸೌಟು ಹೆಚ್ಚೇ ಬಡಿಸಿದರು. ಹಾಸಿಗೆಯ ಮಾತು ಮಾತ್ರ ಅವರೂ ಎತ್ತಲಿಲ್ಲ, ಬೇರೆಯವರೂ ಎತ್ತಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಭಾವ ಬೀದಿಯಲ್ಲಿ ಹೋಗುತ್ತಿದ್ದ ಹತ್ತಿ ಹಿಂಜುವವನನ್ನು ಕೆಳಗೆ ನಿಲ್ಲಿಸಿ ಬಂದರು. ಚೆಂಬೂರಿನ ಕಡೆ ಹೊಸ ಕಾಲೊನಿಗಳಿಗೆ ಗಾದಿ ಹೊಲಿದು ಕೊಡುವವನಂತೆ ಅವನು. ಹಳೆಯ ಹತ್ತಿ ತೆಗೆದುಕೊಳ್ಳುತ್ತಾನೆ. ಕಾಯುತ್ತ ಬೇಸರವಾಗಿ ಅವನು ತನ್ನ ಬಿಲ್ಲಿನ ತಂತಿಯನ್ನು ಮೀಟುತ್ತಿದ್ದ. ಆ ಟಂಯ್ ಟಂಯ್ ಸದ್ದು ಮೂರು ಮಾಳಿಗೆ ಏರಿ ಬರುತ್ತಿತ್ತು.

ಕೋಣೆಯಲ್ಲಿ ಎಲ್ಲರೂ ಇದ್ದರು. ಭಾವ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಅಕ್ಕ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಳು. ನೀಲು ಚಾಪೆಯ ಮೇಲೆ, ಅಂಗೈ ನೆಲಕ್ಕೆ ಊರಿ, ಭುಜ ಎತ್ತಿ, ಒಬ್ಬೊಬ್ಬರನ್ನೇ ನೋಡುತ್ತಿದ್ದಳು. ಮಾಮಿ ಹಾಸಿಗೆಯ ತಲೆದಿಂಬಿನ ಕಡೆ, ನೆಲದ ಮೇಲೆ ಕೂತಿದ್ದರು. ಅವರ ಒಂದು ಕೈ ನೀಲಿ ಪಟ್ಟೆಯ ಮೇಲೆ ಇತ್ತು. ಆರು ವರ್ಷದ ಬಳಕೆಗೆ ನೀಲಿ ಹೋಗಿ ಬೂದಿಯಾಗಿತ್ತು. ಹೊಲಿಗೆ ಮಾತ್ರ ಒಂದೂ ಬಿಟ್ಟಿರಲಿಲ್ಲ.

ಯಾರೂ ಮೇಲೇಳುವುದಿಲ್ಲ ಎಂದು ವಾರಿಜಾಳಿಗೆ ಗೊತ್ತಾಯಿತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಾಲಿನ ಕಡೆ ಬಂದು, ಬಗ್ಗಿ, ಹಾಸಿಗೆಯ ಎರಡು ಮೂಲೆ ಹಿಡಿದು ಸುತ್ತತೊಡಗಿದಳು. ಮೊದಲ ಸುತ್ತಿಗೇ ಆ ವಾಸನೆ ಬಂತು; ಒಣಗಿದ ಕಾಯಿ, ಬಿಸಿಲು, ಹಡಗಿನ ಅಟ್ಟ. ಅರ್ಧದವರೆಗೆ ಸುತ್ತಿದಳು. ಮುಂದೆ ಮಾಮಿಯ ಕೈ ಇತ್ತು. ಅಲ್ಲಿ ಅವಳು ನಿಂತಳು. ಒಬ್ಬಳೇ ಎತ್ತುವ ಭಾರವೂ ಅಲ್ಲ ಅದು.

“ಮಾಮಿ,” ಎಂದಳು, “ಆ ತುದಿಯನ್ನು ಒಂದಿಷ್ಟು ಹಿಡೀತೀರಾ?”

ಮಾಮಿ ಪಟ್ಟೆಯ ಮೇಲಿನ ಕೈಯನ್ನು ಮೂಲೆಯ ಕಡೆಗೆ ಸರಿಸಿದರು.

ಕೆಳಗೆ ಬಿಲ್ಲಿನ ಸದ್ದು ನಿಂತಿತು.